ಯೋಬನ ಪುಸ್ತಕ ಸಭೆಗೆ ಕಲಿಸೂದು ಹೆಂಗ: ಎಲ್ಲಾರೂ ಎಡವೂ ಜಾಗ ಒಂದ, ಅಲ್ಲಿಂದನ ಸುರು ಮಾಡೂಣು

ಯೋಬ ಅಂದ್ರ ಬೈಬಲಿನ ಹಳೇ ಒಡಂಬಡಿಕೆಯೊಳಗ, ತಪ್ಪಿಲ್ಲದನ ಆಸ್ತಿ, ಮಕ್ಕಳು, ಆರೋಗ್ಯ ಎಲ್ಲಾ ಕಳಕೊಂಡಾವ. ಅವನ ಪುಸ್ತಕ ಕಲಿಸ್ತೀನಿ ಅಂತ ಸುರು ಮಾಡಿದವ್ರು ಭಾಳ ಮಂದಿ ಮೂರನೇ ವಾರಕ್ಕ ಕೈ ಬಿಡ್ತಾರ. ಒಂದು ಮತ್ತ ಎರಡನೇ ಅಧ್ಯಾಯ ಕಥಿ ಇದ್ದಂಗ ಐತಿ, ಸಲೀಸ ಹೋಗ್ತೈತಿ, ಆಮ್ಯಾಲ ನಡುವಿನ 39 ಅಧ್ಯಾಯ ಹಾರಿಸಿ ಸೀದಾ 42ಕ್ಕ ಬಂದು "ನೋಡ್ರಿ ಎಲ್ಲಾ ಎರಡಪಟ್ಟು ಸಿಕ್ತು, ಹಲ್ಲೆಲೂಯಾ" ಅಂದು ಮುಗಿಸಿಬಿಡ್ತಾರ. ಇಲ್ಲಾ ನಡುವಿಂದ ಒಂದ ಚಂದಂದ ವಾಕ್ಯ ಆರಿಸ್ಕೊಂಡು ಅದರ ಮ್ಯಾಲ ಸಂದೇಶ ಕೊಡ್ತಾರ, ಆ ವಾಕ್ಯ ಹೇಳಿದವ್ರು ಯಾರು ಅಂತ ನೋಡಂಗಿಲ್ಲ. ಎರಡೂ ತಪ್ಪು ನಾನೂ ಮಾಡೀನಿ.

2019ರ ಆಗಸ್ಟ್‌ನಾಗ ಮಲಪ್ರಭಾ, ಘಟಪ್ರಭಾ ಉಕ್ಕಿ ಬಂದು ನಮ್ಮ ಬಾಗಲಕೋಟೆ ಜಿಲ್ಲಾದಾಗ ಊರಿಗೂರ ನೀರಾಗ ನಿಂತಿದ್ವು. ನೀರ ಇಳದ ಮ್ಯಾಲ ಒಬ್ಬರ ಮನ್ಯಾಗ ಇಟ್ಟಿದ್ದ ಕಾಟೇಜ್ ಪ್ರೇಯರ್‌ನಾಗ ನಾನು ಯೋಬ 22 ತಗದು, ದೇವರ ಕಡೆ ತಿರಗಿ ಬಂದ್ರ ಮತ್ತ ಉದ್ಧಾರ ಆಗ್ತೀರಿ ಅಂತ ಜೋರಾಗಿ ಹೇಳ್ದೆ. ಮನಿ ಗ್ವಾಡಿ ಬಿದ್ದಿದ್ದ ಒಬ್ಬ ಅಮ್ಮ ಕೂಟ ಮುಗದ ಮ್ಯಾಲ ಚಪ್ಲಿ ಹಾಕ್ಕೋತ ಕೇಳಿದ್ಳು, "ಹಂಗಾರ ತಮ್ಮಾ, ನಾವು ತಿರಗಿ ಬರಲಾರದ್ದಕ್ಕ ಮನಿ ಬಿತ್ತೇನು?" ಮನಿಗೆ ಬಂದು ತಗದು ನೋಡಿದ್ರ ಆ ಮಾತು ದೇವರದ್ದಲ್ಲ, ಯೋಬನ್ನ ಸಮಾಧಾನ ಮಾಡಾಕ ಬಂದು, ನಿನ್ನ ಪಾಪಕ್ಕನ ಹಿಂಗಾತು ಅಂತ ವಾದ ಮಾಡಿದ ಮೂವರು ಗೆಳೆಯರೊಳಗಿನ ಎಲೀಫಜಂದು. ಪುಸ್ತಕದ ಕಡೀಗೆ ದೇವರು ಅವನ ಮ್ಯಾಲ ಸಿಟ್ಟಾಗ್ಯಾರ. ಆಕಿ ಮುಂದ ನಾಕ ವಾರ ಚರ್ಚಿಗೆ ಬರಲಿಲ್ಲ.

ಅದಕ್ಕ ಈ ಮಾರ್ಗದರ್ಶಿ. ಬೈಬಲ್ ಸ್ಟಡಿ ನಡಸೂ ಹಿರಿಯರು, ಸಂಡೇ ಸ್ಕೂಲ್ ಟೀಚರ್, ಸ್ತ್ರೀಯರ ಕೂಟದವ್ರು, ಹೊಸಾ ಪಾಸ್ಟರ್, ಯಾರಿಗಾದ್ರೂ ನಡೀತೈತಿ. ಸೆಮಿನರಿ ಓದಿರಬೇಕು ಅಂತಿಲ್ಲ, ಆದ್ರ ಹಂತ ಮಾತ್ರ ಹಿಂದ ಮುಂದ ಮಾಡಬ್ಯಾಡ್ರಿ.

## ಏನೇನ ಬೇಕು, ಎಷ್ಟ ವಾರ ಬೇಕು

ಎರಡ ಅನುವಾದ ಬೇಕ ಬೇಕು. ಒಂದು ನಾವು ದಿನಾ ಓದೂ ಹಳೇ ಸತ್ಯವೇದ, ಇನ್ನೊಂದು ಈಗಿನ ಆಡುಮಾತಿಗೆ ಹತ್ರ ಇರೂ ಯಾವುದಾದ್ರೂ ಒಂದು. ಕ್ಯಾಥೊಲಿಕ್ ಗೆಳೆಯರ ಮನ್ಯಾಗ ಇರೂ ಬೈಬಲ್ ಸಿಕ್ರ ಅದೂ ಚೊಲೋ, ಅದರಾಗ ಯೆಹೋವ ಅನ್ನೂ ಕಡೆ ಸರ್ವೇಶ್ವರ ಅಂತ ಇರ್ತೈತಿ, ಗಾಬರಿ ಆಗಬ್ಯಾಡ್ರಿ. ಯೋಬದಾಗ ಕಾವ್ಯ ಭಾಳ ಐತಿ, ಹೀಬ್ರೂನೂ ಬಿಗಿ, ಒಂದ ಅನುವಾದದಾಗ ಅರ್ಥ ಆಗದ ಸಾಲು ಇನ್ನೊಂದರಾಗ ಬಿಡಿಸಿಕೊಳ್ತೈತಿ.

ಆಮ್ಯಾಲ ಐದ ಬಣ್ಣದ ಪೆನ್ಸಿಲ್, ಒಂದ ಇನ್ನೂರ ಪೇಜಿನ ನೋಟ್‌ಬುಕ್, ಗ್ವಾಡಿಗೆ ಹಚ್ಚಾಕ ಒಂದ ಚಾರ್ಟ್ ಪೇಪರ್. ಪ್ರೊಜೆಕ್ಟರ್ ಬ್ಯಾಡ. ಕರೆಂಟ್ ಹೋತಂದ್ರ ಪಾಠಾನೂ ಹೋಗ್ತೈತಿ, ಮತ್ತ ಮಂದಿ ಪರದೆ ನೋಡ್ಕೋತ ಕೂಡ್ತಾರ, ಕೈಯಾಗಿನ ಬೈಬಲ್ ತಗಿಯಂಗಿಲ್ಲ.

ಟೈಮ್ ಆರ ವಾರ ಇಟ್ಕೋರಿ, ವಾರಕ್ಕ ಒಂದ ತಾಸು. ಅದಕ್ಕಿಂತ ಮೊದ್ಲ ನಿಮ್ಮ ಸ್ವಂತ ತಯಾರಿಗೆ ಮೂರ ವಾರ. ಭಾನುವಾರದ ಇಪ್ಪತ್ತ ನಿಮಿಷದ ಸಂದೇಶದಾಗ ಇಡೀ ಯೋಬ ಮುಗಸ್ತೀನಿ ಅನ್ನೂದು ಬಿಟ್ಟಬಿಡ್ರಿ, ಅಷ್ಟ ಟೈಮಿನ್ಯಾಗ ಹೇಳಾಕ ಆಗೂದು ಶುರು ಮತ್ತ ಕಡೀ ಮಾತ್ರ, ಹಂಗಾಗೇ ಮೊದಲನೇ ತಪ್ಪು ಹುಟ್ಟೂದು.

## ಹಂತ 1: ಕಡೀ ಅಧ್ಯಾಯ ಮೊದ್ಲ ಓದ್ರಿ

ಬ್ಯಾರೆ ಪುಸ್ತಕಕ್ಕ ನಾ ಹಿಂಗ ಹೇಳಂಗಿಲ್ಲ. ಯೋಬಕ್ಕ ಮಾತ್ರ 42:7 ಮೊದ್ಲ ಓದ್ರಿ. ಅಲ್ಲಿ ದೇವರು ಎಲೀಫಜಗ ಹೇಳ್ತಾರ, ನಿನ್ನ ಮ್ಯಾಲ ಮತ್ತ ನಿನ್ನ ಇಬ್ಬರ ಗೆಳೆಯರ ಮ್ಯಾಲ ನನಗ ಸಿಟ್ಟ ಬಂದೈತಿ, ನನ್ನ ಸೇವಕ ಯೋಬ ನನ್ನ ವಿಷಯದಾಗ ಸರಿಯಾಗಿ ಮಾತಾಡಿದಂಗ ನೀವು ಮಾತಾಡಲಿಲ್ಲ ಅಂತ. ಇದು ಇಡೀ ಪುಸ್ತಕದ ಕೀಲಿಕೈ. ಇದು ಕೈಯಾಗ ಇಲ್ಲದ 4ನೇ ಅಧ್ಯಾಯದ ಒಳಗ ಹೋದ್ರ ಎಲೀಫಜನ ಮಾತು ಕೇಳಿ "ಎಂಥಾ ಚಂದ ಹೇಳ್ಯಾನ" ಅಂತ ತಲೆ ಅಲ್ಲಾಡಿಸ್ಕೋತ ಹೋಗ್ತೀರಿ, ಯಾಕಂದ್ರ ಅಂವ ಖರೇನ ಚಂದ ಮಾತಾಡ್ತಾನ.

ಆಮ್ಯಾಲ ಹೊಳ್ಳಿ 1ಕ್ಕ ಬಂದು ಇಡೀ ಪುಸ್ತಕ ಒಂದ ಕೂರಿಗೆ ಬಾಯಿ ಬಿಟ್ಟು ಓದ್ರಿ. ಎರಡರಿಂದ ಮೂರ ತಾಸು ಹಿಡೀತೈತಿ. ಕಣ್ಣಾಗ ಓದಿದ್ರ ನಡುವಿನ ಅಧ್ಯಾಯದಾಗ ನಿದ್ದಿ ಬರ್ತೈತಿ, ಬಾಯಿಲೆ ಓದಿದ್ರ ಯೋಬನ ದನಿ ಎಲ್ಲಿ ಏರ್ತೈತಿ ಎಲ್ಲಿ ಮುರೀತೈತಿ ನಿಮಗ ಗೊತ್ತಾಗ್ತೈತಿ. ಇದು ಮುಗಿಯೂತನ ಯೂಟ್ಯೂಬ್ ಪ್ರಸಂಗ ಕೇಳಬ್ಯಾಡ್ರಿ.

## ಹಂತ 2: ಯಾರ ಮಾತು ಯಾವುದು, ಬಣ್ಣ ಹಚ್ಚ್ರಿ

ಐದ ಬಣ್ಣ ಕೇಳಿದ್ದು ಇದಕ್ಕ. ಯೋಬಗ ಒಂದು, ಮೂರ ಗೆಳೆಯರಿಗೆ (ಎಲೀಫಜ, ಬಿಲ್ದದ, ಚೋಫರ) ಕೂಡೆ ಒಂದು, ಅವರ ಆದ ಮ್ಯಾಲ ಮಾತಾಡೂ ಸಣ್ಣ ವಯಸ್ಸಿನ ಎಲೀಹುಗ ಒಂದು, ದೇವರಿಗೆ ಒಂದು, ಕಥಿ ಹೇಳಾವನ ಭಾಗಕ್ಕ ಒಂದು. ಅಧ್ಯಾಯದ ನಂಬರಿನ ಮ್ಯಾಲ ಒಂದ ಗೆರಿ ಎಳದ್ರ ಸಾಕು. ಲೆಕ್ಕ ಹಿಂಗ ಬರ್ತೈತಿ:

ಕಥಿ: 1, 2, ಮತ್ತ 42:7ರಿಂದ ಕಡೀತನ.
ಎಲೀಫಜ: 4–5, 15, 22.
ಬಿಲ್ದದ: 8, 18, 25.
ಚೋಫರ: 11, 20. ಮೂರನೇ ಸುತ್ತಿನ್ಯಾಗ ಅಂವ ಬಾಯಿನ ತಗಿಯಂಗಿಲ್ಲ.
ಯೋಬ: 3, ಮತ್ತ ಗೆಳೆಯರಿಗೆ ಕೊಟ್ಟ ಉತ್ತರ ಎಲ್ಲಾ, ಕಡೀಗೆ 29ರಿಂದ 31. (28ನೇದು ಜ್ಞಾನದ ಮ್ಯಾಲ ಒಂದ ಹಾಡು, ಯಾರ ಬಾಯಾಗಿಂದು ಅಂತ ಪಂಡಿತರೊಳಗ ಒಮ್ಮತ ಇಲ್ಲ, ಬಣ್ಣ ಇಲ್ಲದ ಸಾದಾ ಪೆನ್ಸಿಲ್‌ಲೇ ಹಚ್ಚಿ ಬಿಡ್ರಿ.)
ಎಲೀಹು: 32ರಿಂದ 37.
ದೇವರು: 38ರಿಂದ 41. ನಡುವ 40:3–5ರಾಗ ಯೋಬ ಎರಡ ಮಾತಾಡ್ತಾನ, ಮತ್ತ 42:1–6ರಾಗ.

ಇದನ್ನ ಚಾರ್ಟ್ ಪೇಪರ್ ಮ್ಯಾಲ ದೊಡ್ಡಕ್ಷರದಾಗ ಬರದು ಆರ ವಾರಾನೂ ಗ್ವಾಡಿಗೆ ಇರ್ಲಿ. ಯಾರ ಏನ ವಾಕ್ಯ ಎತ್ತಿದ್ರೂ ಮೊದಲ ಪ್ರಶ್ನೆ ಒಂದ: "ಯಾರ ಮಾತದು? ಚಾರ್ಟ್ ನೋಡ್ರಿ."

ಈಗ ಒಂದ ಉದಾಹರಣೆ. ಹೊಸಾ ವರ್ಷದ ದಿನ ಚರ್ಚಿನ್ಯಾಗ ವಾಗ್ದಾನದ ಕಾರ್ಡ್ ಎತ್ತಿಸ್ತೀವಲ್ಲ, ಅದರಾಗ ಯೋಬ 8:7 ಬರ್ತೈತಿ, ಕ್ಯಾಲೆಂಡರಿನ ಮ್ಯಾಲೂ ಇರ್ತೈತಿ: ನಿನ್ನ ಮೊದಲ ಸ್ಥಿತಿ ಸಣ್ಣದಿದ್ರೂ ಕಡೀ ಸ್ಥಿತಿ ಭಾಳ ದೊಡ್ಡದಾಗ್ತೈತಿ ಅಂತ. ಹೊಸಾ ಅಂಗಡಿ ಇಟ್ಟವ್ರು, ಮನಿ ಕಟ್ಟಿದವ್ರು ಫ್ರೇಮ್ ಹಾಕಿಸಿ ಗ್ವಾಡಿಗೆ ಹಾಕ್ತಾರ. ಹೇಳಿದಾವ ಯಾರು? ಬಿಲ್ದದ. ಅದರ ಮೂರ ವಚನ ಹಿಂದ ಹೋಗ್ರಿ, 8:4. ಅಲ್ಲಿ ಅದ ಬಿಲ್ದದ, ಹತ್ತ ಮಕ್ಕಳನ್ನ ಮಣ್ಣಾಗಿಟ್ಟ ಬಂದ ಅಪ್ಪನ ಮುಂದ ಕುಂತು, ನಿನ್ನ ಮಕ್ಕಳು ಪಾಪ ಮಾಡಿರಬೇಕು, ಅದಕ್ಕ ದೇವರು ಅವರನ್ನ ಅವರ ಪಾಪದ ಕೈಗೆ ಕೊಟ್ಟಾನ ಅನ್ನೂ ಅರ್ಥದ ಮಾತಾಡ್ತಾನ. ಒಂದ ಬಾಯಿ, ಒಂದ ಉಸಿರು, ನಡುವ ಎರಡ ವಚನ ಅಷ್ಟ. 8:4 ಮತ್ತ 8:7 ಎರಡನ್ನೂ ಸಭೆಯೊಳಗ ಒಬ್ಬರ ಕಡಿಂದನ ಬೆನ್ನಿಗೆ ಬೆನ್ನು ಓದಸ್ರಿ, ಏನೂ ವಿವರಣೆ ಕೊಡಬ್ಯಾಡ್ರಿ, ಒಂದ ನಿಮಿಷ ಸುಮ್ನಿರ್ರಿ. ನಾ ಮಾಡಿದಾಗ ಹಿಂದ ಕುಂತಿದ್ದ ಒಬ್ರು ಬೈಬಲ್ ಮುಚ್ಚಿ ಮತ್ತ ತಗದು ಮತ್ತ ಅದ ಪುಟ ನೋಡಿದ್ರು.

ಇಂಥದ್ದ ಇನ್ನೊಂದು 22:28, ನೀನು ಒಂದ ಕಾರ್ಯ ನಿಶ್ಚಯ ಮಾಡಿದ್ರ ಅದು ನೆರವೇರ್ತೈತಿ ಅನ್ನೂದು. ಬಾಯಿಂದ ಘೋಷಣೆ ಮಾಡ್ರಿ ಆಗ್ತೈತಿ ಅಂತ ಕಲಿಸೂರು ಇದನ್ನ ಹಿಡೀತಾರ. ಅದು ಎಲೀಫಜಂದು, ಯೋಬನ ಮ್ಯಾಲ ಸುಳ್ಳ ಆಪಾದನೆ ಹೊರಿಸಿದ ಭಾಷಣದ್ದ ಬಾಲ.

ಇಲ್ಲೊಂದ ಎಚ್ಚರಿಕೆ. ಗೆಳೆಯರ ಮಾತೆಲ್ಲಾ ಸುಳ್ಳ ಅಂತ ಹೇಳಬ್ಯಾಡ್ರಿ. ಎಲೀಫಜನ 5:13ನ್ನ ಪೌಲ 1 ಕೊರಿಂಥ 3:19ರಾಗ ವಾಕ್ಯ ಅಂತನ ಉಪಯೋಗಿಸ್ಯಾನ. ಅವರ ಮಾತು ಎಷ್ಟೋ ಕಡೆ ಸರಿ ಐತಿ, ಅದನ್ನ ಯೋಬನ ಮ್ಯಾಲ ಹೊರಿಸಿದ್ದು ತಪ್ಪು. ಬ್ಯಾರೆ ಯಾರದೋ ಔಷಧಿ ಚೀಟಿ ತಂದು ಇವಗ ಕುಡಿಸಿದಂಗ.

ಮತ್ತ ಯಾರ ಮನಿ ಗ್ವಾಡಿ ಮ್ಯಾಲ 8:7 ಐತೋ ಅವರ ಹೆಸರ ಎತ್ತಿ ಸಭೆಯೊಳಗ ಮಾನ ಕಳೀಬ್ಯಾಡ್ರಿ. ಆ ವಾಕ್ಯ ಹಿಡಕೊಂಡು ಅವರು ಕಷ್ಟದ ವರ್ಷ ದಾಟಿರ್ತಾರ. ಕೇಳಿದ್ರ ಮಾತ್ರ, ಕೀರ್ತನೆ 34:18 ತೋರಸ್ರಿ, ಮುರಿದ ಮನಸ್ಸಿನವರ ಹತ್ರ ದೇವರು ಇರ್ತಾರ ಅನ್ನೂದು.

## ಹಂತ 3: ನಿಮ್ಮ ಸಭೆಯ ದುಃಖದ ಪಟ್ಟಿ

ಇದನ್ನ ಯಾರೂ ಮಾಡಂಗಿಲ್ಲ, ನಾನೂ ಮೊದ್ಲ ಮಾಡಿದ್ದಿಲ್ಲ. ನೋಟ್‌ಬುಕ್ಕಿನ ಕಡೀ ಪುಟದಾಗ, ಯಾರಿಗೂ ತೋರಸಲಾರದಂಗ, ಬರೀರಿ: ಕೂಸು ಕಳಕೊಂಡವ್ರು ಯಾರು, ಗಂಡ ಹೋದವ್ರು ಯಾರು, ಕ್ಯಾನ್ಸರ್ ಇದ್ದವ್ರು, ಬೋರ್‌ವೆಲ್‌ಗೆ ಸಾಲಾ ಮಾಡಿ ನೀರ ಬೀಳಲಾರದವ್ರು, ಮನ್ಯಾಗ ಆತ್ಮಹತ್ಯೆ ಆದವ್ರು, ಮಕ್ಕಳಾಗದವ್ರು. ಸಣ್ಣ ಸಭೆ ಇದ್ರೂ ಪುಟ ತುಂಬ್ತೈತಿ.

ಸುರು ಮಾಡೂಕ ಒಂದ ವಾರ ಮೊದ್ಲ ಅವರ ಮನಿಗೆ ಹೋಗಿ ಬರ್ರಿ. ಮುಂದಿನ ವಾರದಿಂದ ಯೋಬ ಓದ್ತೀವಿ, ಅದರಾಗ ಮಕ್ಕಳ ಸಾವು ಬರ್ತೈತಿ, ನಿಮಗ ಕೂಡಾಕ ಆಗದಿದ್ರ ಎದ್ದ ಹೊರಗ ಹೋಗ್ರಿ, ಯಾರೂ ಏನೂ ಅನ್ನಂಗಿಲ್ಲ, ಅಷ್ಟ ಹೇಳಿ ಚಹಾ ಕುಡದು ಬರ್ರಿ. ಅವರ ಕಥಿ ಉದಾಹರಣೆಗೆ ಹೇಳ್ಲೇನು ಅಂತ ಕೇಳಬ್ಯಾಡ್ರಿ ಸುದ್ದಾ. ಕೇಳಿದ್ರ ಇಲ್ಲ ಅನ್ನಾಕ ಅವರಿಗೆ ಸಂಕೋಚ.

## ಹಂತ 4: ಮೊದಲ ವಾರ, ಅಧ್ಯಾಯ 1 ಮತ್ತ 2

ಮೊದ್ಲ ಆಸ್ತಿ ಲೆಕ್ಕ ಮಾಡ್ರಿ, ನಮ್ಮ ಮಂದಿಗೆ ಅದು ತಟ್ ಅಂತ ಹತ್ತತೈತಿ. 7000 ಕುರಿ, 3000 ಒಂಟಿ, 500 ಜೋಡಿ ಎತ್ತು, 500 ಹೆಣ್ಣ ಕತ್ತಿ. ಒಂಟಿ ಬಿಡ್ರಿ, 500 ಜೋಡಿ ಎತ್ತು ಅಂದ್ರ ಏನು ಅಂತ ರೈತರನ್ನ ಕೇಳ್ರಿ. ಈಗ ಒಂದ ಚೊಲೋ ಜೋಡಿ ಕಟ್ಟಬೇಕಂದ್ರ ಲಕ್ಷದ ಮಾತು. ಅವರ ಲೆಕ್ಕ ಹಾಕ್ಲಿ, ನೀವು ಸುಮ್ನಿರ್ರಿ.

ಆಮ್ಯಾಲ 1:13–19. ಇದನ್ನ ಒಬ್ರು ಓದಬಾರದು. ನಾಕ ಮಂದಿನ್ನ ಹಾಲಿನ ನಾಕ ಮೂಲ್ಯಾಗ ನಿಂದ್ರಸ್ರಿ. ಮೊದಲಿನಾವ ಸುದ್ದಿ ಹೇಳಿ ಮುಗಸೂದರೊಳಗ ಎರಡನೇದಾವ ಸುರು ಮಾಡಬೇಕು, ಅಂವ ಮುಗಸೂದರೊಳಗ ಮೂರನೇದಾವ. ವಾಕ್ಯದಾಗ ಹಂಗ ಐತಿ, ಇವನು ಇನ್ನೂ ಮಾತಾಡ್ತಿರುವಾಗಲೇ ಮತ್ತೊಬ್ಬ ಬಂದ ಅಂತ. ನಾಕನೇ ಸುದ್ದಿ ಮಕ್ಕಳದ್ದು. ಅದು ಮುಗದ ಮ್ಯಾಲ ಲಗೂನ 1:21ಕ್ಕ ಓಡಬ್ಯಾಡ್ರಿ. ಯೋಬ ಮೊದ್ಲ ಅರಬಿ ಹರಕೊಂಡ, ತಲೆ ಬೋಳಿಸಿಕೊಂಡ, ನೆಲಕ್ಕ ಬಿದ್ದ. "ಯೆಹೋವನೇ ಕೊಟ್ಟನು" ಅನ್ನೂ ಮಾತು ಅದಾದ ಮ್ಯಾಲ ಬಂದದ್ದು.

ಪರಲೋಕದ ಸಭೆಯ ಭಾಗದಾಗ (1:6–12, ಸೈತಾನ ದೇವರ ಮುಂದ ಬಂದು ಯೋಬನ ಬಗ್ಗೆ ಮಾತಾಡೂದು) ಮಂದಿ ಸಿಕ್ಕೊಂಡ ಬೀಳ್ತಾರ. ದೇವರು ಸೈತಾನನ ಜೋಡಿ ಪಂದ್ಯಾ ಕಟ್ಟಿದ್ರೇನು ಅಂತ ಕೇಳೇ ಕೇಳ್ತಾರ. ನೀವು ಹೇಳಬೇಕಾದ್ದು ಎರಡು. ಒಂದು, ಹೀಬ್ರೂದಾಗ ಇಲ್ಲಿ "ಆ ಸೈತಾನ" ಅನ್ನೂ ರೀತಿ ಐತಿ, ಹೆಸರಲ್ಲ, ಪದವಿ. ಆಪಾದನೆ ಮಾಡಾವ, ನಮ್ಮ ಕೋರ್ಟಿನ್ಯಾಗ ಸರ್ಕಾರಿ ವಕೀಲ ಎದ್ದ ನಿಂತಂಗ. ಎರಡು, ಅವನ ಪ್ರಶ್ನೆ ಏನು ಅನ್ನೂದ ಮುಖ್ಯ: ಯೋಬ ಏನೂ ಲಾಭ ಇಲ್ಲದ ದೇವರಿಗೆ ಭಯಪಡ್ತಾನೇನು? (1:9). ಚಾರ್ಟಿನ ಮ್ಯಾಲ ಈ ಪ್ರಶ್ನೆ ಬರೀರಿ. ನಮ್ಮ ಹರಕಿ, ನಮ್ಮ ಉಪವಾಸ, ನಮ್ಮ ದಶಮಾಂಶ ಎಲ್ಲಾದರ ಮ್ಯಾಲೂ ಈ ಪ್ರಶ್ನೆ ಬಂದು ನಿಂದ್ರತೈತಿ. ಇನ್ನೊಂದು, ಮ್ಯಾಲ ನಡದ ಈ ಮಾತುಕತಿ ಯೋಬಗ ಕಡೀತನ ಗೊತ್ತ ಆಗಂಗಿಲ್ಲ. 42ನೇ ಅಧ್ಯಾಯದಾಗೂ ದೇವರು ಅವಗ ಹೇಳಂಗಿಲ್ಲ. ಇದನ್ನ ಈಗ ಹೇಳಿ ಇಡ್ರಿ, ಐದನೇ ವಾರಕ್ಕ ಬೇಕಾಗ್ತೈತಿ.

ಯೋಬನ ಹೆಂಡ್ತಿನ್ನ ಚಾಷ್ಟಿ ಮಾಡಿ ಮಂದಿನ್ನ ನಗಸಬ್ಯಾಡ್ರಿ. ಇದು ನಮ್ಮ ಗಂಡಸರು ಮಾಡೂ ತಪ್ಪು. ಸತ್ತ ಹತ್ತ ಮಕ್ಕಳನ್ನ ಹಡದಾಕಿ ಅಕಿ. ಇನ್ನೊಂದ ಮಾತು, 2:9ರಾಗ ಅಕಿ ಗಂಡಗ ದೇವರನ್ನ "ದೂಷಿಸು" ಅಂದಾಳ ಅಂತ ನಮಗ ಇರೂ ಕಡೆ ಹೀಬ್ರೂದಾಗ ಇರೂ ಶಬ್ದ "ಆಶೀರ್ವದಿಸು" ಅನ್ನೂದು. ದೇವರನ್ನ ಶಪಿಸೂ ಮಾತು ಬರಿಯಾಕನ ಹೆದರಿ ತಿರಗಾಮುರಗಾ ಬರದಾರ ಅಂತ ಪಂಡಿತರು ತಿಳ್ಕೋತಾರ.

## ಹಂತ 5: ಎರಡನೇ ವಾರ, ಅಧ್ಯಾಯ 3

ಇದನ್ನ ಹಾರಸಾಕ ಎಲ್ಲಾರಿಗೂ ಮನಸ್ಸಾಗ್ತೈತಿ, ಯಾಕಂದ್ರ ಒಂದ ಒಳ್ಳೇ ಮಾತ ಇಲ್ಲ ಇದರಾಗ. ಯೋಬ ತಾ ಹುಟ್ಟಿದ ದಿನಾನ್ನ ಶಪಿಸ್ತಾನ, ತಾಯಿ ಹೊಟ್ಟ್ಯಾಗನ ಯಾಕ ಸಾಯಲಿಲ್ಲ ಅಂತಾನ. ಹಾರಿಸಬ್ಯಾಡ್ರಿ. ದಿನಾನ್ನ ಶಪಿಸ್ಯಾನ, ದೇವರನ್ನ ಶಪಿಸಿಲ್ಲ, ಈ ಫರಕ ತೋರಸ್ರಿ. "ಸತ್ತ ಹೋಗಿದ್ರ ಚೊಲೋ ಇತ್ತು" ಅಂತ ಮನಸ್ಸಿನ್ಯಾಗ ಅನ್ಕೊಂಡು, ಅದನ್ನ ಪಾಪ ಅಂತ ತಿಳ್ಕೊಂಡು, ಯಾರ ಮುಂದೂ ಹೇಳಲಾರದ ಬೆಂಚಿನ್ಯಾಗ ಕುಂತವ್ರು ನಿಮ್ಮ ಸಭೆಯೊಳಗ ಇದ್ದ ಇರ್ತಾರ. ದೇವರು ಸೇವಕ ಅಂತ ಕರದಾವನ ಬಾಯಾಗನ ಆ ಮಾತು ಬಂದೈತಿ, ಮತ್ತ ಅದು ಬೈಬಲಿನ್ಯಾಗ ಉಳದೈತಿ, ಯಾರೂ ತಗದ ಹಾಕಿಲ್ಲ ಅಂತ ಅವರಿಗೆ ಕೇಳಸಬೇಕು.

ಆ ದಿನ ಬೋರ್ಡಿನ ಮ್ಯಾಲ 14416 ಅಂತ ಬರೀರಿ. ಟೆಲಿ ಮಾನಸ್ ಅಂತ ಸರ್ಕಾರದ ಫ್ರೀ ನಂಬರು, ಹಗಲು ರಾತ್ರಿ ಇರ್ತೈತಿ, ಕನ್ನಡದಾಗ ಮಾತಾಡಬಹುದು. ಪ್ರಾರ್ಥನೆ ಸಾಲಂಗಿಲ್ಲೇನು ಅಂತ ಯಾರಾದ್ರೂ ಕೇಳಬಹುದು. ಪ್ರಾರ್ಥನೆನೂ ಮಾಡ್ರಿ, ಫೋನೂ ಮಾಡ್ರಿ, ಜ್ವರ ಬಂದಾಗ ಹಂಗ ಮಾಡ್ತೀವಲ್ಲ. ಕೂಟ ಮುಗದ ಮ್ಯಾಲ ಹತ್ತ ನಿಮಿಷ ಅಲ್ಲೇ ಕುಂದರ್ರಿ, ಬೀಗ ಹಾಕಾಕ ಅವಸರ ಮಾಡಬ್ಯಾಡ್ರಿ. ಹೇಳಬೇಕನ್ನವ್ರು ಎಲ್ಲಾರೂ ಹೋಗೂತನ ಕಾಯ್ತಾರ.

## ಹಂತ 6: ಮೂರು ಮತ್ತ ನಾಕನೇ ವಾರ, ಗೆಳೆಯರು

ನಮ್ಮ ಕಡೆ ಮಣ್ಣಾದ ಮ್ಯಾಲ ಸತ್ತವರ ಮನಿಗೆ ಮಾತಾಡಸಾಕ ಅಂತ ಹೋಗ್ತೀವಲ್ಲ, ಈ ಮೂವರು ಬಂದದ್ದೂ ಅದಕ್ಕ. ಗುರುತ ಸಿಗಲಾರದಂಗ ಆಗಿದ್ದ ಅವನ್ನ ನೋಡಿ ಅತ್ತರು, ಏಳ ದಿನ ಏಳ ರಾತ್ರಿ ನೆಲದ ಮ್ಯಾಲ ಕುಂತರು, ಒಬ್ಬನೂ ಒಂದ ಮಾತಾಡಲಿಲ್ಲ (2:13). ಅಲ್ಲೀತನ ಅವರಷ್ಟ ಚೊಲೋ ಗೆಳೆಯರು ಇಲ್ಲ. ಕೆಟ್ಟದ್ದು ಬಾಯಿ ತಗದ ಮ್ಯಾಲ. ಯೋಬನ ಹೇಳ್ತಾನ 13:5ರಾಗ, ನೀವು ಸುಮ್ನ ಇದ್ದಿದ್ರ ಅದ ನಿಮ್ಮ ಜ್ಞಾನ ಆಗಿರ್ತಿತ್ತು ಅಂತ. ಆದ್ದರಿಂದ ಅವರನ್ನ ಖಳನಾಯಕರನ್ನಾಗಿ ಮಾಡಬ್ಯಾಡ್ರಿ, ಮಾಡಿದ್ರ ಸಭೆ "ನಾವು ಅಂಥವರಲ್ಲ" ಅಂತ ತಿಳ್ಕೊಂಡು ಆರಾಮ ಕುಂದರತೈತಿ.

ಎಲ್ಲಾ ಎಂಟೂ ಭಾಷಣ ಓದಾಕ ಹೋಗಬ್ಯಾಡ್ರಿ. ಅಧ್ಯಾಯ 4, 8, 11, 22 ಸಾಕು. ಪ್ರತಿಯೊಂದಕ್ಕೂ ಬೋರ್ಡಿನ ಮ್ಯಾಲ ನಡು ಗೆರಿ ಹೊಡದು ಎಡಕ್ಕ "ದೇವರ ಬಗ್ಗೆ ಏನ ಹೇಳ್ದ", ಬಲಕ್ಕ "ಯೋಬನ ಬಗ್ಗೆ ಏನ ಹೇಳ್ದ" ಅಂತ ಮಂದಿ ಕಡಿಂದನ ತುಂಬಸ್ರಿ. ಎಡಗಡೆ ಮುಕ್ಕಾಲು ನಾವು ಒಪ್ಪೂ ಮಾತು ಬರ್ತಾವ. ಬಲಗಡೆ ಏನ ಬರ್ತೈತಿ ನೋಡ್ರಿ. 11:6ರಾಗ ಚೋಫರ, ನಿನ್ನ ಪಾಪಕ್ಕ ಸಿಗಬೇಕಾದ್ದಕ್ಕಿಂತ ಕಡಿಮಿನ ಸಿಕ್ಕೈತಿ ಅಂತಾನ. 22ಕ್ಕ ಬರೂದರೊಳಗ ಎಲೀಫಜ ಪಾಪಗಳನ್ನ ಹುಟ್ಟಿಸಿ ಹೇಳಾಕತ್ತಾನ: ನೀ ಹಸದವಗ ಅನ್ನ ಕೊಡಲಿಲ್ಲ, ವಿಧವೆಯರನ್ನ ಬರಿಗೈಲೆ ಕಳಿಸಿದಿ. ಸಾಕ್ಷಿ ಒಂದೂ ಇಲ್ಲ. ಕಷ್ಟ ಬಂದೈತಿ ಅಂದ ಮ್ಯಾಲ ಪಾಪ ಇರಾಕ ಬೇಕು, ಅಷ್ಟ ಅವನ ಸಾಕ್ಷಿ. ಇದಕ್ಕ ಯೋಬನ ಉತ್ತರ 31ನೇ ಅಧ್ಯಾಯದಾಗ ಐತಿ, ಎರಡನ್ನೂ ಜೋಡಿಸಿ ಓದಸ್ರಿ.

ನಾವು "ಮಾಡಿದ್ದುಣ್ಣೋ ಮಹರಾಯ" ಅಂತೀವಿ. ಗೆಳೆಯರ ಇಡೀ ವಾದ ಆ ಒಂದ ಗಾದಿಯೊಳಗ ಕುಂದರತೈತಿ. ಇದನ್ನ ಹೇಳಿದ ಕೂಡ್ಲೆ ಯಾರಾದ್ರೂ ಗಲಾತ್ಯ 6:7 ಎತ್ತತಾರ, ಮನುಷ್ಯ ಏನ ಬಿತ್ತತಾನೋ ಅದನ್ನ ಕೊಯ್ತಾನ ಅಂತ ಐತೆಲ್ಲ ಅಂತ. ಚೊಲೋ ಪ್ರಶ್ನೆ, ತಳ್ಳಿ ಹಾಕಬ್ಯಾಡ್ರಿ. ನಾ ಉತ್ತರ ಕೊಡೂದು ಎರಿ ಹೊಲದ ಮ್ಯಾಲಿಂದ. ಹಿಂಗಾರಿಗೆ ಬಿಳಿ ಜೋಳ ಬಿತ್ತಿದ್ರ ಕಡ್ಲಿ ಬೆಳಿಯಂಗಿಲ್ಲ, ಜೋಳಾನ ಬರ್ತೈತಿ, ಇದು ಪೌಲ ಹೇಳಿದ ಮಾತು, ಖರೇ. ಆದ್ರ ಒಣಗಿದ ಹೊಲಾ ಒಂದ ಕಂಡ್ರ, ಬದುವಿನ ಮ್ಯಾಲ ನಿಂತು "ಈ ರೈತ ಕೆಟ್ಟ ಬೀಜ ಹಾಕ್ಯಾನ" ಅಂತ ಹೇಳಾಕ ಬರ್ತೈತೇನು? ಬೀಜ ಚೊಲೋನ ಇತ್ತು, ಹದಾನೂ ಇತ್ತು, ಹಸ್ತ ಚಿತ್ತ ಮಳಿ ಕೈ ಕೊಟ್ಟಿರಬಹುದು, ಹುಳ ಬಿದ್ದಿರಬಹುದು, ಬಾಜೂ ಹೊಲದ ದನಾ ಮೇದಿರಬಹುದು. ಬೀಜದಿಂದ ಬೆಳಿಗೆ ಹೋಗಾಕ ಬರ್ತೈತಿ, ಬೆಳಿ ನೋಡಿ ಹಿಂದಕ್ಕ ಬೀಜಕ್ಕ ಹೋಗಾಕ ಬರಂಗಿಲ್ಲ. ಗೆಳೆಯರು ಮಾಡಿದ್ದು ಈ ಹಿಂದಿನ ನಡಿಗಿ. ಇದನ್ನ ಹೇಳಿದಾಗ ಹೊಲಾ ಇದ್ದವ್ರು ಯಾರೂ ವಾದಾ ಮಾಡಿಲ್ಲ, ಅವರಿಗೆ ಗೊತ್ತೈತಿ.

ಆಮ್ಯಾಲ ಯೇಸುಸ್ವಾಮಿ ಕಡೆ ಬರ್ರಿ. ಯೋಹಾನ 9ರಾಗ ಹುಟ್ಟ ಕುರುಡನ್ನ ನೋಡಿ ಶಿಷ್ಯರು ಯಾರ ಪಾಪ ಅಂತ ಕೇಳ್ತಾರ, ಯೇಸು ಇವಂದೂ ಅಲ್ಲ ಇವನ ತಂದಿತಾಯಿದೂ ಅಲ್ಲ ಅಂತಾರ. ಲೂಕ 13ರಾಗ ಸಿಲೊವಾಮಿನ ಬುರುಜು ಬಿದ್ದು 18 ಮಂದಿ ಸತ್ತದ್ದಕ್ಕೂ ಅದ ಉತ್ತರ, ಅವರೇನು ಉಳದವರಿಗಿಂತ ದೊಡ್ಡ ಪಾಪಿಗಳಲ್ಲ. ನಮ್ಮ ಪ್ರವಾಹ, ನಮ್ಮ ಕೊರೊನಾ ಇದರ ಜೋಡಿ ಹಚ್ಚಿ ಮಾತಾಡಾಕ ಈ ಎರಡ ಭಾಗ ಸಾಕು.

19:25, ನನ್ನ ವಿಮೋಚಕ ಜೀವಂತ ಇದ್ದಾನ ಅನ್ನೂದು, ನಾಕನೇ ವಾರ ಬರ್ತೈತಿ. ಸೀದಾ ಈಸ್ಟರಿಗೆ ಜಿಗೀಬ್ಯಾಡ್ರಿ. ಹೀಬ್ರೂದಾಗ ಆ ಶಬ್ದಕ್ಕ ಅರ್ಥ, ಕಷ್ಟದಾಗ ಬಿದ್ದವನ ಪರವಾಗಿ ನಿಂದ್ರೂ ಹತ್ರದ ರಕ್ತಸಂಬಂಧಿ, ರೂತಳ ಪುಸ್ತಕದಾಗ ವಿಧವೆ ರೂತಳ ಪರ ಬೋವಜ ನಿಂತಂಗ. ಅದ ಅಧ್ಯಾಯದಾಗ ಮ್ಯಾಲ ಓದ್ರಿ, ಅಣ್ಣತಮ್ಮರು ದೂರ ಆದ್ರು, ಬಳಗ ಬಿಟ್ಟ ಹೋತು ಅಂತ ಪಟ್ಟಿನ ಹಾಕ್ಯಾನ. ಎಲ್ಲಾ ರಕ್ತಸಂಬಂಧ ಹರದ ಮ್ಯಾಲ ಆ ಮಾತು ಬರ್ತೈತಿ. ಅದು ತಿಳದ ಮ್ಯಾಲ ಕ್ರಿಸ್ತನ ಹೆಸರು ಹೇಳ್ರಿ, ಆಗ ಎದಿಗೆ ತಾಕ್ತೈತಿ.

## ಹಂತ 7: ಎಲೀಹು

ಹತ್ತ ನಿಮಿಷ. ಸಣ್ಣ ವಯಸ್ಸಿನಾವ, ಎಲ್ಲಾರ ಮ್ಯಾಲೂ ಸಿಟ್ಟ, ಆರ ಅಧ್ಯಾಯ ಮಾತಾಡ್ತಾನ. ಕಡೀಗೆ ದೇವರು ಅವನ್ನ ಬೈಯೂದೂ ಇಲ್ಲ, ಹೊಗಳೂದೂ ಇಲ್ಲ. ಅಂವ ಸರಿನೋ ತಪ್ಪೋ ಅಂತ ವಾದಕ್ಕ ಇಳದ್ರ ಐದನೇ ವಾರ ಅಲ್ಲೇ ಮುಗೀತೈತಿ.

## ಹಂತ 8: ಐದನೇ ವಾರ, ದೇವರ ಮಾತು

ಇಲ್ಲಿ ದೊಡ್ಡ ತಪ್ಪು ಏನಂದ್ರ, ದೇವರು ಯೋಬನ್ನ ಗದರಿಸಿ ಬಾಯಿ ಮುಚ್ಚಿಸಿದ್ರು ಅಂತ ಹೇಳೂದು. ಹಂಗ ಕಲಿಸಿದ್ರ ಸಭೆ ಕಲಿಯೂದು ಒಂದ, ಪ್ರಶ್ನೆ ಕೇಳಬಾರದು ಅಂತ. ಮೂರ ಮಾತು ಹಿಡ್ಕೋರಿ. ದೇವರು ಬಂದ್ರು, ಯೋಬ ಕೇಳಿದ್ದ ಅದನ್ನ. ದೇವರು ಕಾರಣ ಹೇಳಲಿಲ್ಲ. ಮತ್ತ, "ನೀ ಇಂಥಾ ಪಾಪ ಮಾಡಿದಿ, ಅದಕ್ಕ ಹಿಂಗಾತು" ಅಂತ ಒಂದ ಕಡೆನೂ ಅನ್ನಲಿಲ್ಲ. ಗೆಳೆಯರು ಎಂಟ ಭಾಷಣದಾಗ ಹೇಳಿದ್ದನ್ನ ದೇವರು ನಾಕ ಅಧ್ಯಾಯದಾಗ ಒಮ್ಮೆನೂ ಹೇಳಂಗಿಲ್ಲ.

ಸಾಧ್ಯ ಆದ್ರ 38 ಮತ್ತ 39ನ್ನ ಹೊರಗ ಓದ್ರಿ, ಚರ್ಚಿನ ಅಂಗಳದಾಗ, ಬೆಳಿಗ್ಗೆ. ಕಾಗಿ ಮರಿ, ಕಾಡಾಡು, ಕಾಡಕತ್ತಿ, ಉಷ್ಟ್ರಪಕ್ಷಿ, ಕುದರಿ, ಗಿಡಗ, ಒಂದಾದ ಮ್ಯಾಲ ಒಂದು ಬರ್ತಾವ. 38:26ರ ಹತ್ರ ನಿಂದ್ರಿ: ಮನುಷ್ಯರ ಇಲ್ಲದ ಭೂಮಿ ಮ್ಯಾಲೂ ದೇವರು ಮಳಿ ಸುರಸ್ತಾರ ಅಂತ ಐತಿ. ಮಳಿಗೆ ಮುಗಲ ನೋಡ್ಕೋತ ಕುಂದ್ರೂ ನಮ್ಮ ಸೀಮಿಗೆ ಈ ವಾಕ್ಯ ಸಲೀಸಲ್ಲ, ಚುಚ್ಚತೈತಿ. ಚುಚ್ಚಲಿ. ಲೋಕ ನಮ್ಮ ಲಾಭಕ್ಕಷ್ಟ ನಡಿಯೂದಲ್ಲ, ಅಷ್ಟಾದ್ರೂ ದೇವರ ಕೈ ಅದರ ಮ್ಯಾಲ ಐತಿ ಅನ್ನೂದನ್ನ ಮೆತ್ತಗ ಮಾಡಿ ಹೇಳಾಕ ಹೋಗಬ್ಯಾಡ್ರಿ. ಮೊದಲ ವಾರ ಬರದ 1:9ರ ಪ್ರಶ್ನೆ ಈಗ ಮತ್ತೊಮ್ಮೆ ಓದ್ರಿ. ಯೋಬಗ ಉತ್ತರ ಸಿಗಲಿಲ್ಲ, ಆಸ್ತಿ ಇನ್ನೂ ಬಂದಿಲ್ಲ, ಮೈಮ್ಯಾಲಿನ ಹುಣ್ಣು ಮಾದಾವು ಅಂತ ಎಲ್ಲೂ ಬರದಿಲ್ಲ, ಆದ್ರೂ 42:5ರಾಗ "ಈಗ ನನ್ನ ಕಣ್ಣು ನಿನ್ನನ್ನ ಕಂಡೈತಿ" ಅಂತಾನ.

40 ಮತ್ತ 41ರಾಗಿನ ಎರಡ ದೊಡ್ಡ ಪ್ರಾಣಿ ಬಗ್ಗೆ ಹುಡುಗರು ಡೈನೋಸಾರ್ ಅಂತ ಸುರು ಮಾಡ್ತಾರ. ನೀರುಗುದುರೆ, ಮೊಸಳಿ ಅಂತ ಕೆಲವ್ರು ಹೇಳ್ತಾರ, ಮನುಷ್ಯನ ಕೈಗೆ ಸಿಗದ ಭಯಂಕರ ಶಕ್ತಿಯ ಚಿತ್ರ ಅಂತ ಕೆಲವ್ರು. ಅಷ್ಟ ಹೇಳಿ ಮುಂದ ಹೋಗ್ರಿ. ಕೃಷ್ಣಾ ದಂಡಿ ಊರವ್ರಿಗೆ ಮೊಸಳಿ ಮೂಗಿಗೆ ಹಗ್ಗ ಹಾಕಾಕ ಆಗ್ತೈತೇನು ಅಂದ್ರ ಬ್ಯಾರೆ ವಿವರಣೆ ಬೇಕಾಗಂಗಿಲ್ಲ.

## ಹಂತ 9: ಕಡೀ ವಾರ, ಎರಡಪಟ್ಟಿನ ಲೆಕ್ಕ

14000 ಕುರಿ, 6000 ಒಂಟಿ, 1000 ಜೋಡಿ ಎತ್ತು, 1000 ಹೆಣ್ಣ ಕತ್ತಿ. ಎಲ್ಲಾ ಡಬಲ್. ಈಗ ಮಕ್ಕಳ ಲೆಕ್ಕ ಕೇಳ್ರಿ. ಮೊದ್ಲ ಏಳ ಗಂಡು ಮೂರ ಹೆಣ್ಣು, ಈಗ? ಏಳ ಗಂಡು ಮೂರ ಹೆಣ್ಣು. ಮಕ್ಕಳು ಡಬಲ್ ಆಗಲಿಲ್ಲ. ಯಾಕ ಅಂತ ವಾಕ್ಯ ಹೇಳಂಗಿಲ್ಲ, ನೀವೂ ಹೇಳಬ್ಯಾಡ್ರಿ, ತಾಯಂದಿರನ್ನ ಕೇಳ್ರಿ. ನಮ್ಮ ಕೂಟದಾಗ ಒಬ್ರು ಹೇಳಿದ್ದು, "ಎತ್ತು ಹೋದ್ರ ಎತ್ತು ತರಬಹುದು, ಕೂಸಿನ ಬದಲಿ ಕೂಸ ಇರಂಗಿಲ್ಲ." ಅಕಿ ಯಾವ ಪುಸ್ತಕಾನೂ ಓದಿದ್ದಿಲ್ಲ. ಹೊಸಾ ಮೂರ ಹೆಣ್ಮಕ್ಕಳ ಹೆಸರ ಬರದಾರ, ಅಣ್ಣತಮ್ಮರ ಜೋಡಿ ಅವರಿಗೂ ಆಸ್ತ್ಯಾಗ ಪಾಲ ಕೊಟ್ಟ ಅಂತಾನೂ ಬರದಾರ (42:15), ಇದನ್ನ ಬಿಡಬ್ಯಾಡ್ರಿ, ನಮ್ಮ ಮನಿಗಳೊಳಗ ಇದರ ಮ್ಯಾಲ ಮಾತು ಆಗಬೇಕು.

"ನಿಮಗೂ ಎರಡಪಟ್ಟು ಸಿಗ್ತೈತಿ" ಅಂತ ಮಾತ್ರ ಹೇಳಬ್ಯಾಡ್ರಿ. ಹಂಗ ಹೇಳಿದ್ರ 1:9ಕ್ಕ ನೀವ ಉತ್ತರ ಕೊಟ್ಟಂಗ ಆಗ್ತೈತಿ: ಹೌದು, ಲಾಭ ಐತಿ ಅಂತನ ನಂಬ್ತೀವಿ ಅಂತ. ಆರ ವಾರದ ಕೆಲಸ ನೀರಾಗ ಹೋಗ್ತೈತಿ.

## ಹಾದಿ ತಪ್ಪೈತಿ ಅನ್ನಾಕ ಗುರುತು

ದುಃಖದ ಪಟ್ಟಿಯೊಳಗಿನವ್ರು ಎರಡ ವಾರ ಬರಲಿಲ್ಲ ಅಂದ್ರ ನಿಲ್ಲಸ್ರಿ, ಮೊದ್ಲ ಮನಿಗೆ ಹೋಗ್ರಿ, ನಿಮ್ಮ ಮಾತಿನ್ಯಾಗ ಏನ ಚುಚ್ಚಿತು ಅಂತ ಕೇಳ್ರಿ. ಪ್ರಾರ್ಥನೆಯೊಳಗ "ಕರ್ತನೇ ಇವರ ಗುಪ್ತ ಪಾಪ ತೋರಿಸು" ಅಂತ ರೋಗಿಯ ಮುಂದ ಯಾರಾದ್ರೂ ಪ್ರಾರ್ಥನೆ ಮಾಡಿದ್ರ ಎಲೀಫಜ ಇನ್ನೂ ನಿಮ್ಮ ನಡುವ ಕುಂತಾನ ಅಂತ ತಿಳ್ಕೋರಿ, ಆಮ್ಯಾಲ ಅವರನ್ನ ಬಾಜೂಕ ಕರದು ಮೆಲ್ಲಕ ಹೇಳ್ರಿ, ಎಲ್ಲಾರ ಮುಂದ ಬ್ಯಾಡ. ಸಾಕ್ಷಿ ಹೇಳೂರೆಲ್ಲಾ ಗೆದ್ದ ಕಥಿನ ಹೇಳಾಕತ್ತಿದ್ರ, ಇನ್ನೂ ಕಷ್ಟದಾಗನ ಇದ್ದವರಿಗೂ ಐದ ನಿಮಿಷ ಕೊಡ್ರಿ, ಕಥಿ ಅರ್ಧಕ್ಕ ನಿಂತ್ರೂ ನಿಲ್ಲಲಿ. ನಿಮ್ಮ ಮಟ್ಟಿಗೆ ಹೇಳಬೇಕಂದ್ರ, "ಯಾಕ ಹಿಂಗಾತು" ಅನ್ನೂ ಪ್ರಶ್ನೆಗೆ ನಿಮ್ಮ ಬಾಯಾಗ ಉತ್ತರ ಲಗೂನ ಬರಾಕತ್ತಿದ್ರ ಅವತ್ತ ಪಾಠ ಅಲ್ಲಿಗೆ ಮುಗಸ್ರಿ.

ಕಡೀ ವಾರ ಆಲ್ಟರ್ ಕಾಲ್ (ಮಂದಿನ್ನ ಪ್ರಾರ್ಥನೆಗೆ ಮುಂದ ಕರಿಯೂದು) ಇಡಬ್ಯಾಡ್ರಿ. 42:11 ಓದ್ರಿ: ಅಣ್ಣತಮ್ಮರು, ಅಕ್ಕತಂಗೇರು, ಮೊದ್ಲ ಪರಿಚಯ ಇದ್ದವ್ರೆಲ್ಲಾ ಯೋಬನ ಮನಿಗೆ ಬಂದು ಅವನ ಜೋಡಿ ಉಂಡ್ರು, ಅವನ ದುಃಖಕ್ಕ ಸಮಾಧಾನ ಹೇಳಿದ್ರು, ಒಬ್ಬೊಬ್ರು ಒಂದ ನಾಣ್ಯ, ಒಂದ ಬಂಗಾರದ ಉಂಗುರ ಕೊಟ್ರು. ನಮ್ಮಲ್ಲಿ ಮುಯ್ಯಿ ಮಾಡಿದಂಗ. ಅದಕ್ಕ ನಾವು ಕಡೀ ಶನಿವಾರ ಕೂಟ ಚರ್ಚಿನ್ಯಾಗ ಇಡಲಿಲ್ಲ. ಆ ಅಮ್ಮನ ಮನಿಗೆ ಹೋದ್ವಿ, ಹೊಸಾ ಗ್ವಾಡಿಗೆ ಇನ್ನೂ ಗಿಲಾವ ಆಗಿದ್ದಿಲ್ಲ. ಎಲ್ಲಾರೂ ಬುತ್ತಿ ಕಟಗೊಂಡು ಬಂದಿದ್ರು, ಕಟಕ ರೊಟ್ಟಿ, ಶೇಂಗಾ ಚಟ್ನಿ, ಎಣ್ಣಿಗಾಯಿ. ನನಗ ಸಂದೇಶ ಕೊಡ್ರಿ ಅಂದ್ರು, ನಾ ಒಲ್ಲೆ ಅಂದೆ. ಉಂಡ ಮ್ಯಾಲ ಹೆಣ್ಮಕ್ಕಳು ತಾಟ ತೊಳಿಯಾಕ ಕುಂತರು, ನಾವು ಗಂಡಸರು ಸಿಮೆಂಟಿನ ಲೆಕ್ಕ ಹಾಕಿದ್ವಿ, ಎಷ್ಟ ಚೀಲ ಬೇಕು, ಯಾರ ಯಾರ ಎಷ್ಟ ಕೊಡ್ತೀವಿ ಅಂತ.